ಎಸ್‌ಯುವಿ ಹಿಂದೆ ಕ್ಯಾಂಪರ್: 5,000 ಪೌಂಡಿನ ತಪ್ಪು ಲೆಕ್ಕ

ಬೇಸಿಗೆ ರಜೆ ಹತ್ತಿರ ಬಂದಂತೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಕ್ಯಾಂಪರ್ ಟ್ರೇಲರ್ ಮಾತು ಶುರುವಾಗುತ್ತದೆ. ಮನೆ ಮುಂದೆ ಹೇಗೂ ಮೂರು ಸಾಲು ಸೀಟಿನ ಹೈಲ್ಯಾಂಡರೋ ಪೈಲಟ್ಟೋ ಟೆಲ್ಯುರೈಡೋ ನಿಂತಿರುತ್ತದೆ. ಅದರ ಬ್ರೋಷರ್‌ನಲ್ಲಿ ಎಳೆಯುವ ಸಾಮರ್ಥ್ಯ 5,000 ಪೌಂಡ್, ಅಂದರೆ ಸುಮಾರು 2,270 ಕೆಜಿ. ನೋಡಿಟ್ಟ ಟ್ರೇಲರಿನ ತೂಕ 3,500 ಪೌಂಡ್. ಇನ್ನೂ 1,500 ಪೌಂಡ್ ಉಳಿಯಿತಲ್ಲ ಎಂದು ಮುಂಗಡ ಕೊಟ್ಟು ಬರುತ್ತಾರೆ. ಈ ಲೆಕ್ಕದಲ್ಲಿ ಎರಡು ಸಂಖ್ಯೆಗಳನ್ನೂ ತಪ್ಪಾಗಿ ಓದಲಾಗಿದೆ.

ಮೊದಲು ಟ್ರೇಲರಿನದು. ಜಾಹೀರಾತಿನಲ್ಲಿರುವುದು ಖಾಲಿ ತೂಕ. ನೀರು, ಗ್ಯಾಸ್, ಹಾಸಿಗೆ, ಪಾತ್ರೆ ಯಾವುದೂ ಅದರಲ್ಲಿಲ್ಲ. ಎಷ್ಟೋ ಸಲ ಬ್ಯಾಟರಿ ಕೂಡ ಇರುವುದಿಲ್ಲ. 30 ಗ್ಯಾಲನ್ ನೀರು ತುಂಬಿಸಿದರೆ ಅದೊಂದೇ 250 ಪೌಂಡ್. ಕುಕ್ಕರ್, ಇಡ್ಲಿ ಪಾತ್ರೆ, ಅಕ್ಕಿ ಚೀಲ ಸೇರಿ ಹೊರಡುವ ಹೊತ್ತಿಗೆ ಅದೇ ಟ್ರೇಲರ್ 4,300 ಪೌಂಡ್ ಮುಟ್ಟುವುದು ಮಾಮೂಲು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಟ್ರೇಲರಿನ ಹೊರಗೋಡೆಯ ಸ್ಟಿಕರ್‌ನಲ್ಲಿ ಜಿವಿಡಬ್ಲ್ಯುಆರ್ ಎಂದು ಬರೆದಿರುವ ಗರಿಷ್ಠ ತೂಕವನ್ನು.

ಇನ್ನು ಆ 5,000. ಇದನ್ನು ಅಳೆಯಲು ಹೆಚ್ಚಿನ ಕಂಪನಿಗಳು ಎಸ್‌ಎಇ ಜೆ2807 ಎಂಬ ಮಾನದಂಡ ಬಳಸುತ್ತವೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11 ಮೈಲಿಗೂ ಉದ್ದದ ಏರನ್ನು ಎಸಿ ಪೂರ್ತಿ ಹಾಕಿಕೊಂಡೇ ಹತ್ತಬೇಕೆಂಬುದು ಅದರ ಒಂದು ಪರೀಕ್ಷೆ. ಹಾಗಾಗಿ ಎಂಜಿನ್ ಎಳೆಯುತ್ತದೆ, ಅನುಮಾನ ಬೇಡ. ಆದರೆ ಆ ಪರೀಕ್ಷೆಯ ಲೆಕ್ಕದಲ್ಲಿ ಗಾಡಿಯೊಳಗಿರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ನಮ್ಮ ಕುಟುಂಬ ಅದರಲ್ಲಿಲ್ಲ.

ಮೊದಲು ಮುಗಿದುಹೋಗುವುದು ಎಳೆಯುವ ಶಕ್ತಿಯಲ್ಲ, ಹೊರುವ ಶಕ್ತಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಟೈರ್ ಗಾಳಿಯ ವಿವರವಿರುವ ಸಣ್ಣ ಸ್ಟಿಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲೇ ಬರೆದಿರುತ್ತದೆ. 1,300 ಎಂದಿದೆ ಅಂದುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 540. ಟ್ರೇಲರಿನ ಮೂತಿ ಗಾಡಿಯ ಹಿಂದಿನ ಕೊಂಡಿಯ, ಅಂದರೆ ಹಿಚ್‌ನ ಮೇಲೆ ಹೇರುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಅದು ಟ್ರೇಲರ್ ತೂಕದ ಶೇ. 10ರಿಂದ 15ರಷ್ಟಿರಬೇಕು. 4,300 ಪೌಂಡಿಗೆ ಸುಮಾರು 540. ಹಿಚ್ ಸಾಮಾನಿಗೆ 70. ಒಟ್ಟು 1,150. ಉಳಿದ 150 ಪೌಂಡಿನಲ್ಲಿ ಐಸ್‌ಬಾಕ್ಸ್, ಸೈಕಲ್, ಬಟ್ಟೆಬರೆ ಎಲ್ಲವೂ ಹಿಡಿಸಬೇಕು. ಊರಿಂದ ಅಪ್ಪ, ಅಮ್ಮ ಬಂದಿದ್ದಾರೆ, ಅವರನ್ನೂ ಮೂರನೇ ಸಾಲಿನಲ್ಲಿ ಕೂರಿಸಿದರೆ ಅಲ್ಲಿಗೆ ಮಿತಿ ದಾಟಿತು. ಆಗಲೂ ಟ್ರೇಲರ್ 5,000ದ ಒಳಗೇ ಇದೆ!

ಈ ಲೆಕ್ಕ ಗೊತ್ತಾದವರು ಇನ್ನೊಂದು ತಪ್ಪು ಮಾಡುತ್ತಾರೆ. ಮೂತಿಯ ಭಾರ ಕಡಿಮೆಯಾಗಲೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂಭಾಗಕ್ಕೆ ತುಂಬುತ್ತಾರೆ. ಎತ್ತಿನ ಗಾಡಿಗೆ ಹೇರು ಹಿಂದಾದರೆ ಮೂಕಿ ಮೇಲೇಳುವುದನ್ನು ನಮ್ಮೂರಲ್ಲಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹೆದ್ದಾರಿಯ ವೇಗದಲ್ಲಿ ಹೀಗಾದರೆ ಟ್ರೇಲರ್ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ, ಒಂದೊಂದು ಹೊಯ್ದಾಟಕ್ಕೂ ಜೋರಾಗುತ್ತದೆ, ಕೊನೆಗೆ ಗಾಡಿಯನ್ನೇ ಉರುಳಿಸಬಹುದು. ಆಗ ವೇಗ ಹೆಚ್ಚಿಸಿದರೆ ಟ್ರೇಲರ್ ನೇರವಾಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಾಲಿನ ಬ್ರೇಕ್ ಜೋರಾಗಿ ತುಳಿಯದೆ ಡ್ರೈವರ್ ಬಳಿಯ ಬ್ರೇಕ್ ಕಂಟ್ರೋಲರ್‌ನಿಂದ ಟ್ರೇಲರಿನ ಬ್ರೇಕ್ ಮಾತ್ರ ಹಾಕಿ. ಕಂಟ್ರೋಲರ್ ಇದ್ದರೆ ಮಾತ್ರ ಇದು ಸಾಧ್ಯ. ಈ ತೂಕಕ್ಕೆ ಎಸ್‌ಯುವಿ ಬ್ರೇಕ್ ಸಾಕು ಎಂಬುದು ಸುಳ್ಳು. ನಾಲ್ಕು ಪಿನ್ನಿನ ಪ್ಲಗ್ ದೀಪ ಉರಿಸುತ್ತದೆ ಅಷ್ಟೇ. ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕ್‌ಗೆ ಏಳು ಪಿನ್ನಿನ ಪ್ಲಗ್ಗೂ ಬೇಕು, ಕಂಟ್ರೋಲರೂ ಬೇಕು.

ದೊಡ್ಡ ಹಿಚ್ ಹಾಕಿಸಿದರೆ ಸಾಮರ್ಥ್ಯ ಹೆಚ್ಚುತ್ತದೆಯೇ? ಇಲ್ಲ. ತೂಕ ಹಂಚುವ ಹಿಚ್ ಭಾರವನ್ನು ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತದೆ, ಒಳ್ಳೆಯದೇ. ಆದರೆ ಕಂಪನಿ ಕೊಟ್ಟ ಮಿತಿಯನ್ನು ಅದು ಒಂದು ಪೌಂಡ್ ಕೂಡ ಏರಿಸುವುದಿಲ್ಲ. ಅಂಥ ಹಿಚ್ ಬೇಡವೆನ್ನುವ ಕಂಪನಿಗಳೂ ಇವೆ, ಮ್ಯಾನ್ಯುಯಲ್ ನೋಡಬೇಕು. ಒಂದೇ ಹೆಸರಿನ ಗಾಡಿಗಳೆಲ್ಲ ಒಂದೇ ಅಲ್ಲ ಎಂಬುದೂ ನೆನಪಿರಲಿ: ಪೆಟ್ರೋಲ್ ಹೈಲ್ಯಾಂಡರ್ 5,000 ಪೌಂಡ್ ಎಳೆದರೆ ಹೈಬ್ರಿಡ್‌ಗೆ 3,500 ಮಾತ್ರ.

ಏರು ಹತ್ತಿದರೆ ಗೆದ್ದಂತೆ ಎಂದುಕೊಳ್ಳುವವರು ಬೇ ಏರಿಯಾದಿಂದ ಯೊಸೆಮಿಟಿಗೆ ಹೋಗುವ 120ನೇ ಹೆದ್ದಾರಿಯನ್ನು ನೋಡಬೇಕು. ಆ ದಾರಿಯ ಪ್ರೀಸ್ಟ್ ಗ್ರೇಡ್ ಎಂಬ ಏರಿನಲ್ಲಿ ಹಳೆಯ ರಸ್ತೆ ಹತ್ತಿರದ್ದು, ಆದರೆ ತೀರಾ ಕಡಿದು. ಟ್ರೇಲರ್ ಇದ್ದವರು ಸುತ್ತಾದರೂ ಹೊಸ ರಸ್ತೆಯನ್ನೇ ಹಿಡಿಯಬೇಕು. ಇಳಿಯುವಾಗ ಮೊದಲೇ ಕೆಳಗಿನ ಗೇರಿಗೆ ತಂದು ಎಂಜಿನ್ನಿನಿಂದಲೇ ವೇಗ ಹಿಡಿದಿಡಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಅಲ್ಲಿಂದ ಮುಂದಿನ ಟಿಯೋಗಾ ಪಾಸ್ 9,943 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಎಂದರೆ ಮೇಲೆ ತಲುಪುವಾಗ ಸುಮಾರು ಶೇ. 30. ವೇಗದ ಆಸೆಯೂ ಬೇಡ: ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯೇ ಮಿತಿ.

ಟ್ರೇಲರ್ ಬೇಡವೆನ್ನುತ್ತಿಲ್ಲ. ನಾಲ್ವರ ಕುಟುಂಬಕ್ಕೆ, 5,000 ಪೌಂಡಿನ ಎಸ್‌ಯುವಿಗೆ, ಗರಿಷ್ಠ ತೂಕ 3,500 ಪೌಂಡ್ ದಾಟದ ಚಿಕ್ಕ ಕ್ಯಾಂಪರ್ ಚೆನ್ನಾಗಿ ಹೊಂದುತ್ತದೆ. ಡೀಲರ್ ಬಳಿ ಸಹಿ ಹಾಕುವ ಮುನ್ನ ನಿಮ್ಮ ಬಾಗಿಲ ಸ್ಟಿಕರ್‌ನ ಫೋಟೊ ತೆಗೆದುಕೊಂಡು ಹೋಗಿ. ಕೊಂಡ ಮೇಲೆ, ಮೊದಲ ಪ್ರವಾಸಕ್ಕೆ ಎಲ್ಲ ತುಂಬಿಕೊಂಡು, ಎಲ್ಲರನ್ನೂ ಕೂರಿಸಿಕೊಂಡು, ಹತ್ತಿರದ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಎಂಬ ತೂಕದ ಯಂತ್ರದ ಮೇಲೆ ಒಮ್ಮೆ ನಿಲ್ಲಿಸಿ. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರ್ ಮೂರರ ತೂಕವೂ ಬೇರೆಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ಮಿತಿ ಮೀರಿದ್ದರೆ ಸಾಮಾನು ಇಳಿಸಿ ಹೊರಡಿ.