ಮಳೆ, ಬಿಸಿಲು ಮತ್ತು ಹಳ್ಳದ ಬ್ಯಾಕ್ಟೀರಿಯಾ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲುವಿನಂತಹ ಊರುಗಳಲ್ಲಿ ಬೇಸಿಗೆಯುದ್ದಕ್ಕೂ ಬೀದಿ, ಚರಂಡಿ, ತಿಪ್ಪೆಗಳಲ್ಲಿ ಶೇಖರವಾದ ಹೊಲಸನ್ನು ಮುಂಗಾರಿನ ಮೊದಲ ಬಿರುಮಳೆ ಹಳ್ಳಕ್ಕೆ ತೊಳೆದೊಯ್ಯುವುದರಿಂದ, ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್, ಅಂದರೆ ಮನುಷ್ಯರ ಹಾಗೂ ಜಾನುವಾರುಗಳ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಪ್ರಮಾಣ ಹಠಾತ್ತನೆ ಏರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ತಿಳಿನೀರಿನಲ್ಲಿ ಇವುಗಳನ್ನು ನಾಶಪಡಿಸುತ್ತವೆಯಾದರೂ, ಮಳೆಯ ಕೆಂಪು ಕೆಸರು ಆ ಬೆಳಕನ್ನು ತಡೆದು ಅವುಗಳಿಗೆ ಆಶ್ರಯ ನೀಡುತ್ತದೆ.

ಬೆಂಗಳೂರಿನ ಕೊಳಚೆಯನ್ನು ವರ್ಷವಿಡೀ ಹೊತ್ತು ಅರ್ಕಾವತಿ ನದಿಯನ್ನು ಸೇರುವ ವೃಷಭಾವತಿ ನದಿಯಲ್ಲಾದರೋ, ಮಲಿನತೆಯನ್ನು ತೆಳುವಾಗಿಸುವ ಮಳೆನೀರಿಲ್ಲದ ಬೇಸಿಗೆಯೂ ಸುರಕ್ಷಿತವಲ್ಲ. ಭಾರತದ ಮಾನದಂಡದಂತೆ, ಸ್ನಾನಯೋಗ್ಯ ನೀರಿನ 100 ಮಿಲಿಲೀಟರಿನಲ್ಲಿ ಈ ಬ್ಯಾಕ್ಟೀರಿಯಾಗಳ ಅಂದಾಜು ಸಂಖ್ಯೆ 2500ನ್ನು ಮೀರಬಾರದು.

ಆದುದರಿಂದ ಮುಂಗಾರಿಗೆ ಮೊದಲೇ ಚರಂಡಿಗಳನ್ನು ಶುಚಿಗೊಳಿಸುವುದೂ, ಬಿರುಮಳೆಯ ಬಳಿಕ ಕೆಲವು ದಿನ ಮಕ್ಕಳನ್ನು ಹಳ್ಳಕ್ಕಿಳಿಯಲು ಬಿಡದಿರುವುದೂ, ಕುಡಿಯುವ ನೀರನ್ನು ಕುದಿಸಿ ಬಳಸುವುದೂ ಅತ್ಯಗತ್ಯ.