ವೈದ್ಯ ಪರೀಕ್ಷೆಯೂ ಉದ್ಯೋಗಾರ್ಥಿಯೂ

ಉದ್ಯೋಗಕ್ಕಾಗಿ ಬರೆಯುವ ಪರೀಕ್ಷೆಯ ವಿಷಯ ನಮಗೆಲ್ಲ ತಿಳಿದೇ ಇದೆ. ಅದರಲ್ಲಿ ಗೆದ್ದ ಮೇಲೆ ಬರುವ ವೈದ್ಯ ಪರೀಕ್ಷೆಯ ವಿಷಯ ಬಲ್ಲವರು ವಿರಳ. ಅದನ್ನು ನಾನು ತಿಳಿದುಕೊಳ್ಳಬೇಕಾಗಿ ಬಂದದ್ದು ನಮ್ಮಣ್ಣನ ದೆಸೆಯಿಂದ.

ನನ್ನನ್ನು ಓದಿಸಲೆಂದು ಶಾಲೆ ಬಿಟ್ಟ ಅಣ್ಣ ಒಂದು ಕಚೇರಿಯ ಚಾಲಕ ಹುದ್ದೆಗೆ ಆಯ್ಕೆಯಾದ. ಆ ನಂಬಿಕೆಯಿಂದ ಅಕ್ಕಿ ಗಿರಣಿಯ ಕೆಲಸ ಬಿಟ್ಟ. ವೈದ್ಯ ಪರೀಕ್ಷೆಯಾಗಿ ಮೂರು ತಿಂಗಳು ಯಾರೂ ಏನೂ ಹೇಳಲಿಲ್ಲ. ಕಡೆಗೆ ಒಂದೇ ಸಾಲಿನ ಕಾಗದ ಬಂತು: 'ವೈದ್ಯಕೀಯವಾಗಿ ಅನರ್ಹ.' ಓದು ಬಾರದ ನಮ್ಮಪ್ಪ, "ಅವನಿಗೇನು ಕಾಯಿಲೆಯಪ್ಪ?" ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಊರಿನಲ್ಲಿ ಗುಸುಗುಸು ಹಬ್ಬಿ, ನೋಡಿ ಹೋಗಿದ್ದ ಹೆಣ್ಣಿನ ಕಡೆಯವರೂ ಹಿಂದೆ ಸರಿದರು. ಆಮೇಲೆ ವೈದ್ಯರೊಬ್ಬರು ನೋಡಿ, ಕೆಂಪು ಹಸಿರುಗಳ ಭೇದ ಅವನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು, ರೋಗವಲ್ಲ ಎಂದರು.

ಈ ಪರೀಕ್ಷೆ ಅನಾವಶ್ಯಕವೆಂದು ನಾನು ಹೇಳುವುದಿಲ್ಲ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಡಿಕ್ಕಿಯಾದವು. ಬಣ್ಣಗುರುಡೇ ಕಾರಣವಿರಬಹುದೆಂದು ಶಂಕಿಸಿದ ಹಾಮ್‌ಗ್ರೆನ್ ಎಂಬ ವಿದ್ವಾಂಸರು ಬಣ್ಣದ ಉಣ್ಣೆಯ ಎಳೆಗಳಿಂದ ನೌಕರರ ಕಣ್ಣನ್ನು ಪರೀಕ್ಷಿಸುವ ವಿಧಾನವನ್ನು ಬಳಕೆಗೆ ತಂದರು. ಚುಕ್ಕಿಗಳ ನಡುವೆ ಅಂಕೆಯನ್ನು ಗುರುತಿಸುವ ಈಗಿನ ಪರೀಕ್ಷೆ ಜಪಾನಿನ ಇಷಿಹಾರಾ ಅವರದು. ಅದು 1917ರಲ್ಲಿ ಪ್ರಕಟವಾಯಿತು.

ಎಲ್ಲ ಹುದ್ದೆಗೂ ಒಂದೇ ಅಳತೆಯಿಲ್ಲ. ನಮ್ಮ ರೈಲ್ವೆಯಲ್ಲಿ ಎ-1ರಿಂದ ಸಿ-2ರವರೆಗೆ ಏಳು ದರ್ಜೆಗಳಿವೆ. ಸಹಾಯಕ ಲೋಕೋ ಪೈಲಟ್ ಹುದ್ದೆ ಎ-1. ಅದಕ್ಕೆ ಕನ್ನಡಕವಿಲ್ಲದೆ ಎರಡು ಕಣ್ಣಿಗೂ 6/6 ದೃಷ್ಟಿ ಬೇಕು. ಬಣ್ಣದ ಪರೀಕ್ಷೆಯೂ ಉಂಟು. ಕಿರಿಯ ಗುಮಾಸ್ತನ ಹುದ್ದೆ ಸಿ-2. ಅಲ್ಲಿ ಕನ್ನಡಕ ಹಾಕಿ ಒಂದು ಕಣ್ಣಿಗೆ 6/12 ಇದ್ದರೆ ಸಾಕು. ಎಂದರೆ, ಒಳ್ಳೆಯ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದಿದರಾಯಿತು. ಯಾವ ಹುದ್ದೆಗೆ ಯಾವ ದರ್ಜೆ ಎಂಬುದು ನೇಮಕಾತಿ ಪ್ರಕಟಣೆಯಲ್ಲೇ ಇರುತ್ತದೆ. ಇಂಥ ಪ್ರಕಟಣೆಯನ್ನು ಮೊದಲೇ ಓದುವುದು ನಮ್ಮ ಕರ್ತವ್ಯ.

ಪರೀಕ್ಷಿಸುವವರಿಗೂ ಕರ್ತವ್ಯಗಳಿವೆ. ಯಾವ ಪರೀಕ್ಷೆ, ಏಕೆ ಎಂದು ಮುಂಚೆ ತಿಳಿಸಬೇಕು. ಫಲ ತಡವಾದರೆ ತಡವೆಂದಾದರೂ ಹೇಳಬೇಕು. ಅನರ್ಹನೆಂದಾದರೆ ಕಾರಣವನ್ನೂ, ಮರುಪರೀಕ್ಷೆಗೆ ಅವಕಾಶವಿದ್ದರೆ ಅದರ ಗಡುವನ್ನೂ ಬರೆದು ತಿಳಿಸಬೇಕು. ಹತ್ತು ಜನರ ಮುಂದೆ ಕೂಗಬಾರದು. ಸರ್ಕಾರಿ ಕಚೇರಿಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ ನಮ್ಮ ವರದಿಯನ್ನು ನಾವೇ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಕೆಲಸ ಕೊಡಲು ಎಚ್.ಐ.ವಿ. ಪರೀಕ್ಷೆಯನ್ನು ಷರತ್ತಾಗಿ ಹಾಕುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದುದಕ್ಕೆ ಅಣ್ಣ ಅಷ್ಟೊಂದು ನೊಂದಿಲ್ಲ. ಏಕೆಂದು ತಿಳಿಯದೆ ಕಳೆದ ದಿನಗಳಿಗಾಗಿ ನೊಂದಿದ್ದಾನೆ. ಅಪ್ಪನ ಪ್ರಶ್ನೆಗೆ ಉತ್ತರವನ್ನು ನಾನು ತಡವಾಗಿ ಹೇಳಿದೆ. ಪರೀಕ್ಷೆ ಮುಗಿಸಿ ಉದ್ಯೋಗ ಹುಡುಕಲಿರುವ ನನ್ನ ಸಹಪಾಠಿಗಳು ತಮ್ಮ ಮನೆಯವರಿಗೆ ಮೊದಲೇ ಹೇಳುವಂತಾಗಲಿ.