ನಮ್ಮ ಕಪ್ಪು ದ್ರಾಕ್ಷಿಗೆ ಇಟಲಿಯ ನಂಟು

ರಾಜಾಜಿನಗರದ ಹಾಪ್‌ಕಾಮ್ಸ್ ಮಳಿಗೆಯಲ್ಲಾಗಲಿ, ವಿಜಯನಗರ ಮಾರುಕಟ್ಟೆಯ ತಳ್ಳುಗಾಡಿಗಳ ಮೇಲಾಗಲಿ ರಾಶಿ ಬಿದ್ದಿರುವ ಕಪ್ಪು ದ್ರಾಕ್ಷಿಗೆ ದೊಡ್ಡದೊಂದು ಇತಿಹಾಸವಿದೆ ಎಂದು ಕೊಳ್ಳುವವರಿಗೆ ಅನ್ನಿಸುವುದಿಲ್ಲ. ಒತ್ತಾದ ಗೊಂಚಲು, ದಪ್ಪ ಸಿಪ್ಪೆ, ಒಳಗೆ ಬೀಜ. ಬಾಯಲ್ಲಿಟ್ಟು ಒತ್ತಿದರೆ ತಿರುಳು ಜಾರಿ ನಾಲಿಗೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಸಿಹಿಯ ಹಿಂದೆಯೇ ಹುಳಿ. ಇನ್ನಾವ ದ್ರಾಕ್ಷಿಗೂ ಇಲ್ಲದ ಗಾಢವಾದ ಪರಿಮಳ. ಇದೇ ‘ಬೆಂಗಳೂರು ಬ್ಲೂ’.

ಹೆಸರಿನಲ್ಲಿ ಬೆಂಗಳೂರಿದ್ದರೂ ಇದರ ತವರು ಅಮೆರಿಕ. ತಳಿತಜ್ಞರು ಇದನ್ನು ಅಲ್ಲಿನ ‘ಇಸಬೆಲ್ಲಾ’ ಎಂಬ ತಳಿಯೆಂದು ಗುರುತಿಸುತ್ತಾರೆ. ಅಮೆರಿಕದ ಕಾಡು ದ್ರಾಕ್ಷಿಯಾದ ‘ವಿಟಿಸ್ ಲಬ್ರುಸ್ಕಾ’ಕ್ಕೂ ಯುರೋಪಿನ ‘ವಿಟಿಸ್ ವಿನಿಫೆರಾ’ಕ್ಕೂ ತಾನಾಗಿ ಆದ ಸಂಕರ ಇದು. ನ್ಯೂಯಾರ್ಕ್ ಬಳಿ ಸಸ್ಯಕ್ಷೇತ್ರ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ 1816ರಲ್ಲಿ ಇದನ್ನು ಪ್ರಚಾರಕ್ಕೆ ತಂದು, ಬಳ್ಳಿ ಕೊಟ್ಟ ಮನೆಯೊಡತಿ ಇಸಬೆಲ್ಲಾ ಗಿಬ್ಸ್ ಅವರ ಹೆಸರನ್ನೇ ಇಟ್ಟ. ಬ್ರಿಟಿಷರ ಕಾಲದಲ್ಲಿ ಅದು ಬೆಂಗಳೂರಿಗೆ ಬಂದು, ಇಲ್ಲಿನ ಕೆಂಪು ಮಣ್ಣಿಗೆ ಹೊಂದಿಕೊಂಡು, ಊರಿನ ಹೆಸರನ್ನೇ ತನ್ನದಾಗಿಸಿಕೊಂಡಿತು.

ಇದೇ ಬಳ್ಳಿ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಗೂ ಹೋಯಿತು. ಆಗ ಅಲ್ಲಿನ ದ್ರಾಕ್ಷಿ ತೋಟಗಳು ಮೊದಲು ಬೂದಿರೋಗಕ್ಕೆ, ಆಮೇಲೆ ಬೇರು ಹೀರುವ ‘ಫಿಲೊಕ್ಸೆರಾ’ ಎಂಬ ಕೀಟಕ್ಕೆ ಸಿಕ್ಕಿ ನಾಶವಾಗುತ್ತಿದ್ದವು. ಎರಡೂ ಅಮೆರಿಕದಿಂದ ಬಂದ ಪೀಡೆಗಳೇ. ಅಲ್ಲಿಯ ಬಳ್ಳಿಗಳಲ್ಲಿಯೇ ಅವುಗಳನ್ನು ತಾಳಿಕೊಳ್ಳುವ ಗುಣವನ್ನೂ ಹುಡುಕಬೇಕಾಯಿತು. ಔಷಧಿ ಸಿಂಪಡಿಸಲು ಹಣವಿಲ್ಲದ ಬಡ ರೈತರಿಗೆ ಸುಲಭವಾಗಿ ಬೆಳೆಯುವ ಅಮೆರಿಕದ ಸಂಕರ ತಳಿಗಳು ಆಸರೆಯಾದವು.

ಇಟಲಿಯಲ್ಲಿ ಇಸಬೆಲ್ಲಾಕ್ಕೆ ‘ಉವಾ ಫ್ರಾಗೊಲಾ’ ಎಂದು ಹೆಸರು. ‘ಉವಾ’ ಎಂದರೆ ದ್ರಾಕ್ಷಿ, ‘ಫ್ರಾಗೊಲಾ’ ಎಂದರೆ ಸ್ಟ್ರಾಬೆರಿ. ಅದರ ಪರಿಮಳ ಅವರಿಗೆ ಸ್ಟ್ರಾಬೆರಿಯನ್ನು ನೆನಪಿಸಿತು. ವೆನೆತೊ ಮುಂತಾದ ಉತ್ತರದ ಸೀಮೆಗಳಲ್ಲಿ ಇದರಿಂದ ಮಾಡುವ ವೈನ್ ‘ಫ್ರಾಗೊಲಿನೊ’. ವಿಚಿತ್ರವೆಂದರೆ ಈ ವೈನನ್ನು ಮನೆಬಳಕೆಗೆ ಮಾಡಿಕೊಳ್ಳಬಹುದೇ ಹೊರತು ಮಾರುವಂತಿಲ್ಲ. ವೈನ್ ತಯಾರಿಕೆಗೆ ಬಳಸಬಾರದೆಂದು ಯುರೋಪಿನ ಕಾನೂನು ಹೆಸರಿಸುವ ಆರು ತಳಿಗಳಲ್ಲಿ ಇಸಬೆಲ್ಲಾವೂ ಒಂದು. ಅಂಗಡಿಗಳಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಬೇರೆ ವೈನಿಗೆ ಸ್ಟ್ರಾಬೆರಿ ಸುವಾಸನೆ ಬೆರೆಸಿದ ಪಾನೀಯ.

ಈ ಬಹಿಷ್ಕಾರಕ್ಕೆ ಕಾರಣವೇನು? ಈ ದ್ರಾಕ್ಷಿಯ ವೈನಿನಲ್ಲಿ ವಿಷಕಾರಿ ಮೆಥನಾಲ್ ಹೆಚ್ಚು ಎಂಬುದು ಬಹುಕಾಲದ ಆರೋಪ. ದಪ್ಪ ಸಿಪ್ಪೆಯಲ್ಲಿರುವ ಪೆಕ್ಟಿನ್ ಒಡೆದಾಗ ಅಲ್ಪ ಪ್ರಮಾಣದ ಮೆಥನಾಲ್ ಬರುವುದು ನಿಜ. ಆದರೆ ಸಾಮಾನ್ಯವಾಗಿ ಅದು ಅಪಾಯದ ಮಟ್ಟ ಮುಟ್ಟುವುದಿಲ್ಲ. ಇನ್ನೊಂದು ಕಾರಣ ವ್ಯಾಪಾರದ್ದು. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಬೇಡಿಕೆಗಿಂತ ಹೆಚ್ಚು ವೈನ್ ಹರಿದಾಗ, ಕಡಿಮೆ ಖರ್ಚಿನಲ್ಲಿ ಧಾರಾಳವಾಗಿ ಫಸಲು ಕೊಡುವ ಈ ತಳಿಗಳ ಮೇಲೆ ಮೊದಲ ಪೆಟ್ಟು ಬಿತ್ತು. ಜೊತೆಗೆ ರುಚಿಯ ಮಡಿವಂತಿಕೆ. ಮೀಥೈಲ್ ಆಂತ್ರನಿಲೇಟ್ ಎಂಬ ರಾಸಾಯನಿಕ ಈ ಜಾತಿಯ ದ್ರಾಕ್ಷಿಗಳ ವಾಸನೆಗೆ ಮುಖ್ಯ ಕಾರಣಗಳಲ್ಲೊಂದು. ವೈನ್ ಪಂಡಿತರು ಆ ವಾಸನೆಯನ್ನು ‘ಫಾಕ್ಸಿ’, ಅಂದರೆ ನರಿಯ ವಾಸನೆ, ಎಂದು ಮೂಗು ಮುರಿಯುತ್ತಾರೆ. ಬೆಂಗಳೂರಿನ ಮೂಗಿಗೆ ಮಾತ್ರ ದ್ರಾಕ್ಷಿಯ ನಿಜವಾದ ಘಮ ಎಂದರೆ ಅದೇ!

ಇಲ್ಲಿ ಈ ಬೆಳೆ ನೆಲೆಯೂರಿದ್ದಕ್ಕೆ ಹವೆಯೂ ಕಾರಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಮಿತವಾದ ಬಿಸಿಲು. ಚಳಿ ದೇಶಗಳಲ್ಲಿ ವರ್ಷಕ್ಕೊಮ್ಮೆ ಫಲ ಕೊಡುವ ಬಳ್ಳಿ ಇಲ್ಲಿ ಎರಡು ಬಾರಿ ಸವರಿದರೆ ಎರಡು ಬೆಳೆ ಕೊಡುತ್ತದೆ. ಬೇರೆ ತಳಿಗಳಿಗಿಂತ ಚೆನ್ನಾಗಿ ಮಳೆಯನ್ನು ತಡೆದುಕೊಳ್ಳುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ಇದನ್ನು ನೆಚ್ಚಿದ್ದು ಅದಕ್ಕೇ.

ನಗರದ ಬಡಾವಣೆಗಳಲ್ಲೆಲ್ಲ ಕಾಣುವ ಹಾಪ್‌ಕಾಮ್ಸ್ ಹುಟ್ಟಿದ್ದೂ ದ್ರಾಕ್ಷಿಯಿಂದಲೇ ಎಂಬುದು ಹಲವರಿಗೆ ತಿಳಿಯದು. ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರೀಗೌಡರ ಪ್ರೇರಣೆಯಿಂದ 1959ರಲ್ಲಿ ಆರಂಭವಾದಾಗ ಅದು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘ. ಇತರ ಹಣ್ಣು ತರಕಾರಿಗಳು ಆಮೇಲೆ ಸೇರಿಕೊಂಡವು, ಹೆಸರೂ ಬದಲಾಯಿತು.

ವೈನಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಅನೇಕ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಸಿದ್ಧವಾಗುವುದು ಈ ದ್ರಾಕ್ಷಿಯ ವೈನೇ. ಹಣ್ಣಿನಲ್ಲಿ ಹುಳಿ ಹೆಚ್ಚಾದ್ದರಿಂದ ಧಾರಾಳವಾಗಿ ಸಕ್ಕರೆ ಹಾಕುತ್ತಾರೆ. ಕಾರ್ಖಾನೆಗಳು ಇದನ್ನು ಅಗ್ಗದ ಸಿಹಿ ‘ಪೋರ್ಟ್’ ವೈನಿಗೆ ಬಳಸುತ್ತವೆ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆ ಹೆಸರು ಮಾಡಿದ್ದು ಫ್ರೆಂಚ್ ತಳಿಗಳನ್ನು ನೆಟ್ಟು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೂ ಗೌರವವೆಲ್ಲ ಆ ವಿದೇಶಿ ಹೆಸರುಗಳಿಗೇ ಸಂದಿತು. ಹಿತ್ತಲ ಗಿಡ ಮದ್ದಲ್ಲವಷ್ಟೆ!

ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ಆ ಮಾನ್ಯತೆ ಕಾಪಾಡುವುದು ಹೆಸರನ್ನು, ಹೊಲವನ್ನಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಜಮೀನಿನ ಬೆಲೆ ದ್ರಾಕ್ಷಿ ಕೊಡಬಲ್ಲ ಆದಾಯವನ್ನು ಎಲ್ಲೋ ಹಿಂದೆ ಹಾಕಿತು. ಕೊಳವೆ ಬಾವಿಗಳು ಆಳಕ್ಕಿಳಿದವು. ಬೀಜವಿಲ್ಲದ ದ್ರಾಕ್ಷಿಯ ರುಚಿ ಕಂಡ ಮಕ್ಕಳು ಇದನ್ನು ದೂರ ತಳ್ಳುತ್ತಾರೆ. ಸಿಪ್ಪೆ ಮೃದುವಲ್ಲ, ಬೀಜ ತೆಗೆಯುವ ಗೋಜು ಬೇರೆ.

ಇಟಲಿಯ ರೈತರು ಕಾನೂನು ಬೇಡವೆಂದರೂ ಮನೆಯಂಗಳದ ಚಪ್ಪರದಲ್ಲಿ ಈ ಬಳ್ಳಿಯನ್ನು ಉಳಿಸಿಕೊಂಡರು, ಅದರ ಪರಿಮಳವನ್ನು ಬಿಟ್ಟುಕೊಡಲಾರದೆ. ಇಲ್ಲಿ ಕಾನೂನಿನ ಬೆಂಬಲವಿದೆ, ಊರಿನ ಹೆಸರೂ ಇದೆ. ಇನ್ನು ಬೇಕಾದದ್ದು ಬೆಳೆದವನಿಗೆ ಗಿಟ್ಟುವ ಬೆಲೆ, ಕೊಂಡು ತಿನ್ನುವ ಬಾಯಿ.